ಮಂಜುಗಡ್ಡೆಯ ಮೇಲೆ ಕಂಬಳಿ ಹೊದ್ದವನು

“ಈ ಚಿತ್ರ ನಮ್ಮದಲ್ರಿ,” ಎಂದರು ಶಿವಬಸಮ್ಮ.

ಪುಟ ತಿರುವುತ್ತಿದ್ದ ಇನ್‌ಸ್ಪೆಕ್ಟರ್ ಜೋಗಪ್ಪನ ಕೈ ಅಲ್ಲೇ ನಿಂತಿತು.

“ನಿಮ್ಮದಲ್ಲ ಅಂದ್ರ?”

“ಪುಸ್ತಕ ನಮ್ಮದಽ. ಈ ಹಾಳಿ ನಮ್ಮದಲ್ಲ. ಹಡಗ ಮಂಜಿನ್ಯಾಗ ಸಿಕ್ಕೊಂಡಿದ್ದು ಆದ ಮ್ಯಾಲ ಬಿಳಿ ಕರಡಿ ಬರಬೇಕು. ನಡುವ ಏನೂ ಇದ್ದಿಲ್ಲ. ನಮ್ಮ ಮಾಸ್ತರು ಇದ್ದಾಗ ಸಂಜಿ ಆತಂದ್ರ ಇದನ್ನಽ ಹಿಡಕೊಂಡು ಕುಂದರತಿದ್ವಿ. ನನಗ ಗೊತ್ತಿಲ್ಲೇನು?”

ಬಳ್ಳಾರಿ ಬ್ರೂಸ್‌ಪೇಟೆಯ ಆ ಇಕ್ಕಟ್ಟಿನ ಅಂಗಡಿಯಲ್ಲಿ ಮೂವರಿದ್ದರು. ಮೂರನೆಯವನು ಅಂಗಡಿಯ ಮಾಲೀಕ ಚಂದ್ರಣ್ಣ. ದೇವರ ಪಟಗಳಿಗೆ ಕಟ್ಟು ಹಾಕುವುದು, ಹಳೆಯ ಪುಸ್ತಕ ಹೊಲಿಯುವುದು, ಸಿನಿಮಾ ಬ್ಯಾನರ್ ಬರೆಯುವುದು, ಮೂರೂ ಅವನ ಕಸುಬು. ಗೋಡೆಗೆ ಒರಗಿಸಿದ್ದ ಬಟ್ಟೆಯ ಮೇಲೆ ಯಾವಳೋ ನಾಯಕಿಯ ಒಂದು ಕಣ್ಣು, ಅರ್ಧ ತುಟಿ ಒಣಗುತ್ತಿದ್ದವು. ಶಿವಬಸಮ್ಮನವರ ಗಂಡ ಹಾಲಸಿದ್ದಪ್ಪ ಡ್ರಾಯಿಂಗ್ ಮಾಸ್ತರರಾಗಿದ್ದಾಗ ಚಂದ್ರಣ್ಣ ಅವರ ಶಿಷ್ಯ. ಕಾಗದದ ಗುಣ ಬಲ್ಲವನೆಂದು ಜೋಗಪ್ಪ ಪುಸ್ತಕವನ್ನು ಇಲ್ಲಿಗೇ ತಂದಿದ್ದ.

ಶಿವಬಸಮ್ಮನವರ ಕುರುಗೋಡಿನ ಮನೆಯಿಂದ ಸಂಕ್ರಾಂತಿಯ ಹೊತ್ತಿಗೆ ಕಳುವಾಗಿದ್ದ ಆ ಪುಸ್ತಕ, ನಿನ್ನೆ ಮುಂಜಾನೆ ಅದೇ ಮನೆಯ ಕಟ್ಟೆಯ ಮೇಲೆ, ಹಳೆಯ ದಿನಪತ್ರಿಕೆಯಲ್ಲಿ ಅಚ್ಚುಕಟ್ಟಾಗಿ ಸುತ್ತಿಟ್ಟಂತೆ ಸಿಕ್ಕಿತ್ತು.

ಕಳ್ಳತನದಲ್ಲಿ ವಸ್ತು ಕಡಿಮೆಯಾಗುವುದನ್ನು ಜೋಗಪ್ಪ ಬೇಕಾದಷ್ಟು ನೋಡಿದ್ದ. ಹೆಚ್ಚಾಗಿ ಬಂದದ್ದನ್ನು ಇದೇ ಮೊದಲ ಸಲ ನೋಡುತ್ತಿದ್ದ.

ಅವನು ಪುಸ್ತಕವನ್ನು ಬೆಳಕಿಗೆ ಎಳೆದುಕೊಂಡ. ಉತ್ತರ ಧ್ರುವದ ಕಡೆ ಹೊರಟ ಮೊದಮೊದಲ ಹಡಗುಗಳಲ್ಲಿ ಒಂದರ ಮೇಲಿದ್ದ ಲೆಫ್ಟಿನೆಂಟ್ ಪೆಲ್ ಎಂಬ ಇಂಗ್ಲಿಷ್ ನೌಕಾಧಿಕಾರಿ ತನ್ನ ಕೈಯಾರೆ ಬರೆದ ಚಿತ್ರಗಳು ಅವು. ಪೆಲ್‌ನ ಅಣ್ಣ ಬಳ್ಳಾರಿ ದಂಡಿನಲ್ಲಿ ವೈದ್ಯನಾಗಿದ್ದ. ತಮ್ಮ ಸತ್ತ ಮೇಲೆ ಪುಸ್ತಕ ಅಣ್ಣನ ಬಂಗಲೆಗೆ ಬಂತು. ಸ್ವಾತಂತ್ರ್ಯ ಬಂದ ವರ್ಷ ಆ ವಂಶದವರು ಇಂಗ್ಲೆಂಡಿಗೆ ಹೊರಟಾಗ ಬಂಗಲೆಯ ಸಾಮಾನೆಲ್ಲ ಹರಾಜಾಯಿತು. ಅದರ ಜೊತೆಗೆ ಪುಸ್ತಕವೂ ಸಿರುಗುಪ್ಪದ ಅಕ್ಕಿ ಗಿರಣಿಯ ದೊಡ್ಡಬಸಪ್ಪನವರ ಮನೆ ಸೇರಿತ್ತು. ಅಲ್ಲಿಂದ ಅದನ್ನು ಕೇಳಿ ಪಡೆದವರು ಹಾಲಸಿದ್ದಪ್ಪ ಮಾಸ್ತರು.

ಆ ಮಾಸ್ತರು ಈಗಿಲ್ಲ. ಹೋದ ಶೀಗಿ ಹುಣ್ಣಿಮೆಯ ಮುಂಜಾನೆ ಕರೂರಿನ ಕಾಲುವೆಯಲ್ಲಿ ಅವರ ಹೆಣ ತೇಲಿತ್ತು. ಕಾಲು ಜಾರಿ ಬಿದ್ದರೆಂದು ಬರೆದು ಕಡತ ಮುಚ್ಚಲಾಗಿತ್ತು. ಜೋಗಪ್ಪ ಆಗ ಈ ಜಿಲ್ಲೆಯಲ್ಲಿರಲಿಲ್ಲ.

“ಚಂದ್ರಣ್ಣ, ನೀನು ನೋಡಿದ್ಯೇನು ಈ ಚಿತ್ರಾನ?”

“ನೋಡ್ರಿ, ಚಿತ್ರ ಭಾರೀ ಐತಿ,” ಎಂದ ಚಂದ್ರಣ್ಣ, ಕೇಳಿದ್ದಕ್ಕೆ ಉತ್ತರ ಕೊಡದೆ.

ಚಿತ್ರ ಭಾರಿಯಾಗಿಯೇ ಇತ್ತು. ಕಣ್ಣು ಹಾಯುವಷ್ಟೂ ಮಂಜುಗಡ್ಡೆ. ದೂರದಲ್ಲಿ ಒಂದು ಕಡೆ ವಾಲಿದ ಹಡಗಿನ ಕಂಬ. ಮುಂದೆ, ಒಬ್ಬನೇ ಒಬ್ಬ ಮನುಷ್ಯ ಉದ್ದನೆಯ ಕೋಲು ಊರಿಕೊಂಡು ಕಾವಲು ನಿಂತಿದ್ದಾನೆ. ಉಳಿದ ಚಿತ್ರಗಳಲ್ಲಿ ಹಡಗಿನ ಆಳುಗಳೆಲ್ಲ ತುಪ್ಪಳದ ಟೋಪಿ ತೊಟ್ಟಿದ್ದರು. ಇವನ ತಲೆಯ ಮೇಲೆ ಇದ್ದದ್ದು ಕರಿಕಂಬಳಿ. ಒಂದು ಮೂಲೆಯನ್ನು ಒಳಕ್ಕೆ ಮಡಿಚಿ, ನೆತ್ತಿಗೆ ಸಿಕ್ಕಿಸಿ, ಬೆನ್ನ ಮೇಲೆ ಇಳಿಬಿಟ್ಟ ಕೊಪ್ಪೆ.

ಮಳೆಯಲ್ಲಿ ಕುರಿ ಹಿಂದೆ ಹೋಗುವವರು ಹಾಗೆ ಕೊಪ್ಪೆ ಹಾಕಿಕೊಳ್ಳುವುದನ್ನು ನೋಡದ ಮಗು ಈ ಸೀಮೆಯಲ್ಲಿಲ್ಲ. ಆದರೆ ಧ್ರುವದ ಹಿಮದ ಮೇಲೆ?

ಕೆಳಗೆ ಪೆನ್ಸಿಲ್‌ನಲ್ಲಿ ಇಂಗ್ಲಿಷಿನ ಒಂದು ಸಾಲಿತ್ತು. ಜೋಗಪ್ಪ ಅದನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಂಡ: ‘ನಮ್ಮ ಬಳ್ಳಾರಿಯವನು, ಕಾವಲಿನಲ್ಲಿ.’

“ಅಮ್ಮಾರ, ಒಂದು ಮಾತು ಕೇಳಲೇನ್ರಿ? ಸಿಟ್ಟಾಗಬ್ಯಾಡ್ರಿ,” ಎಂದ. “ಈ ಚಿತ್ರ ಮಾಸ್ತರಽ ಬರದಿರಬಹುದಲ್ಲ?”

ಶಿವಬಸಮ್ಮನವರ ಮುಖ ಕೆಂಪಾಯಿತು.

ಜೋಗಪ್ಪ ಸುಮ್ಮನೆ ಕೇಳಿರಲಿಲ್ಲ. ಹಡಗಿನ ಇನ್ನೊಂದು ಚಿತ್ರದಲ್ಲಿ, ಹಗ್ಗದ ಮೇಲೆ ಒಣಹಾಕಿದ ಕಪ್ಪು ಬಟ್ಟೆಯೊಂದರ ಪಕ್ಕ ‘ಬಳ್ಳಾರಿ ಕಂಬಳಿ’ ಎಂದು ಪೆಲ್ ಬರೆದಿದ್ದ. ಅದನ್ನು ಓದಿದ ಮೇಲೆ ಮಾಸ್ತರರಿಗೆ ಹುಚ್ಚು ಹಿಡಿಯಿತು. ಕಂಬಳಿ ಹೋಗಿದ್ದರೆ ಅದನ್ನು ಹೊದ್ದವನೂ ಹೋಗಿರಬೇಕು, ನಮ್ಮ ಕಡೆಯವನೊಬ್ಬ ಧ್ರುವ ನೋಡಿ ಬಂದಿದ್ದಾನೆ ಎಂದು ಸಿಕ್ಕಸಿಕ್ಕವರಿಗೆಲ್ಲ ಹೇಳತೊಡಗಿದರು. ಜನ ನಕ್ಕರು. ಸಾಲೆಯಲ್ಲಿ ಜೊತೆಯ ಮಾಸ್ತರರು ಅವರನ್ನು ‘ಧ್ರುವಸ್ವಾಮಿ’ ಎಂದು ಕರೆಯುತ್ತಿದ್ದರು. ಹಾಗೆ ನಗೆಗೀಡಾದ ಮನುಷ್ಯ ತನ್ನ ಮಾತಿಗೆ ತಾನೇ ಒಂದು ಸಾಕ್ಷಿ ಬರೆದಿಟ್ಟು ಹೋಗಿದ್ದರೆ ಆಶ್ಚರ್ಯವೇನು?

“ನಮ್ಮ ಮಾಸ್ತರು ಸುಳ್ಳಗಾರಲ್ಲ,” ಎಂದರು ಶಿವಬಸಮ್ಮ. “ಇಲ್ಲೊಂದು ಹಾಳಿ ಯಾರೋ ಕತ್ತರಿಸ್ಯಾರ, ಅದು ಸಿಗಬೇಕು ಅಂತಿದ್ರು. ಸಾಯೂತನಕಾ ಅದನ್ನಽ ಹುಡುಕಿದ್ರು. ಸತ್ತವರ ಮ್ಯಾಲ ಹಂಗೆಲ್ಲ ಹೊರಿಸಬ್ಯಾಡ್ರಿ.”

ಜೋಗಪ್ಪ ತಪ್ಪಾಯಿತು ಎಂಬಂತೆ ತಲೆಯಾಡಿಸಿ, ಭೂತಗನ್ನಡಿ ಎತ್ತಿಕೊಂಡ.

ಹೊಲಿಗೆಯ ಬುಡದಲ್ಲಿ ಕತ್ತರಿಸಿದ ಹಾಳೆಯ ಅಂಚು ಕಡ್ಡಿಯಷ್ಟು ಅಗಲ ಉಳಿದಿತ್ತು. ಹೊಸ ಹಾಳೆಯನ್ನು ಅದಕ್ಕೆ ಮೈದಾ ಅಂಟಿನಿಂದ ಕೂರಿಸಿದ್ದರು. ಅಂಟಿನಲ್ಲಿ, ಹುಳು ಹತ್ತದಂತೆ ಬೆರೆಸುವ ಮೈಲುತುತ್ತದ ತಿಳಿನೀಲಿ. ಪಳಗಿದ ಕೈಯ ಕೆಲಸ. ಕತ್ತರಿಯ ಸೊಟ್ಟ ಗೆರೆ ಎರಡೂ ಕಡೆ ಒಂದಕ್ಕೊಂದು ಸರಿಯಾಗಿ ಕೂಡಿಕೊಂಡಿತ್ತು.

ಇಡೀ ಪುಸ್ತಕದ ಕೆಳಮೂಲೆಯಲ್ಲಿ ಎಂದೋ ಸಮುದ್ರದ ಉಪ್ಪುನೀರು ಹೊಕ್ಕ ಕಂದು ಕಲೆಯಿತ್ತು. ಪುಟದಿಂದ ಪುಟಕ್ಕೆ ಸಣ್ಣದಾಗುತ್ತ ಹೋಗುವ ಕಲೆ. ಕಂಬಳಿಯವನ ಹಾಳೆಯ ಮೇಲೂ ಅದೇ ಕಲೆ. ಹಡಗಿನ ಪುಟಕ್ಕಿಂತ ತುಸು ಸಣ್ಣದು, ಕರಡಿಯ ಪುಟಕ್ಕಿಂತ ತುಸು ದೊಡ್ಡದು.

“ಮಾಸ್ತರು ಬರದಿಲ್ಲ,” ಎಂದ ಜೋಗಪ್ಪ. “ಇದು ಈ ಪುಸ್ತಕದ್ದಽ ಹಾಳಿ. ಹಡಗಿನ್ಯಾಗಽ ನೀರು ಕುಡದೈತಿ.”

ಶಿವಬಸಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡರು. ಚಂದ್ರಣ್ಣ ಅತ್ತ ತಿರುಗಿ ಕುಂಚ ತೊಳೆಯತೊಡಗಿದ.

ಜೋಗಪ್ಪ ಮಾತ್ರ ಭೂತಗನ್ನಡಿ ಕೆಳಗಿಡಲಿಲ್ಲ. ಇನ್ನೊಂದು ಸಂಗತಿ ಅವನ ಕಣ್ಣಿಗೆ ಬಿದ್ದಿತ್ತು. ಹಡಗಿನ ಪುಟದಲ್ಲಿ ಹುಳು ಕೊರೆದ ಸೂಜಿಮೊನೆಯಂಥ ತೂತುಗಳಿದ್ದವು. ಕರಡಿಯ ಪುಟದಲ್ಲೂ ಅದೇ ಜಾಗದಲ್ಲಿ ಅವೇ ತೂತು. ನಡುವಿನ ಈ ಹಾಳೆ ಮಾತ್ರ ಇಡಿಯಾಗಿತ್ತು. ಅಂದರೆ ಹುಳು ಹಿಡಿಯುವ ಮೊದಲೇ ಹಾಳೆ ಪುಸ್ತಕ ಬಿಟ್ಟಿತ್ತು. ಎಲ್ಲೋ ಬೇರೆ ಕಡೆ ಜೋಪಾನವಾಗಿತ್ತು.

ಅವನು ಹಾಳೆಯನ್ನು ಮೂಗಿನ ಹತ್ತಿರ ಹಿಡಿದ. ಕರ್ಪೂರ! ಕಂಬಳಿಯವನ ಹಣೆಯ ಮೇಲೆ ಬೆರಳಾಡಿಸಿದ. ಬೆರಳ ತುದಿಗೆ ಬೂದುಬಣ್ಣದ ಪುಡಿ ಹತ್ತಿತು.

“ವಿಭೂತಿ!” ಎಂದ ಜೋಗಪ್ಪ. “ಯಾರೋ ಈ ಮನುಷ್ಯಾಗ ಪೂಜಿ ಮಾಡ್ಯಾರ!”

ಇಂಗ್ಲಿಷರ ಬಂಗಲೆ ಬಿಟ್ಟ ಮೇಲೆ, ಮಾಸ್ತರರ ಕೈಸೇರುವ ಮೊದಲು ಪುಸ್ತಕ ಇದ್ದದ್ದು ಒಂದೇ ಮನೆಯಲ್ಲಿ. ದೇವರ ಕೋಣೆಯನ್ನು ಬೇರೆ ಎಲ್ಲೂ ಹುಡುಕಬೇಕಾಗಿರಲಿಲ್ಲ.

“ಸಿರುಗುಪ್ಪಕ್ಕ ಹೋಗಬೇಕು. ಗಿರಣಿ ದೊಡ್ಡಬಸಪ್ಪನವರ ಮನಿಗೆ.”

“ಆ ಯಜಮಾನರು ಹೋಗಿ ಭಾಳ ವರ್ಷ ಆತು,” ಎಂದರು ಶಿವಬಸಮ್ಮ, ನೆಲ ನೋಡುತ್ತ. “ಈಗ ಅವರ ಮಗ ಮರಿಬಸಪ್ಪಂದಽ ಎಲ್ಲಾ ಕಾರಭಾರ. ತಾಯಿ ದೊಡ್ಡಬಸಮ್ಮ ಅದಾರ.” ಆಮೇಲೆ ಚೀಲ ಎತ್ತಿಕೊಂಡು, “ನಾನು ಇಲ್ಲೇ ಗಾಂಧಿನಗರಕ್ಕ, ತಂಗಿ ಮನಿಗೆ ಹೋಗಿರತೀನ್ರಿ. ಬಂದ ಮ್ಯಾಲ ಹೇಳಿಕಳಸ್ರಿ,” ಎಂದು ಹೊರಟರು.

ಸ್ಟೇಷನ್ ಜೀಪು ಯಾವುದೋ ಮಂತ್ರಿಯ ಬಂದೋಬಸ್ತಿಗೆ ಹೋಗಿತ್ತು. ಬಸ್ಸಿಗೆ ಹೋಗೋಣವೆಂದು ಜೋಗಪ್ಪ ಎದ್ದ.

“ಬಸ್ಸ್ಯಾಕ್ರಿ? ನನ್ನ ಗಾಡಿ ಐತಲ್ಲ,” ಎಂದ ಚಂದ್ರಣ್ಣ. “ಅಲ್ಲಿ ಟಾಕೀಸಿಗೆ ಬ್ಯಾನರ್ ಕೊಡೂದಽ ಐತಿ. ಬರ್ರಿ.”

*

ಗಾಡಿಯೆಂದರೆ ಸಿನಿಮಾ ಪ್ರಚಾರದ ಹಳೆಯ ಜೀಪು. ನೆತ್ತಿಯ ಮೇಲೆ ಮೈಕಿನ ಎರಡು ತುತ್ತೂರಿ, ಎರಡೂ ಮಗ್ಗುಲಿಗೆ ಚಿತ್ರಪಟ. ದಾರಿಯುದ್ದಕ್ಕೂ ಜನ, ಯಾವ ಸಿನಿಮಾ ಬಂತೆಂದು ತಿರುತಿರುಗಿ ನೋಡುತ್ತಿದ್ದರು. ಒಳಗೆ ಯೂನಿಫಾರ್ಮಿನ ಪೊಲೀಸನನ್ನು ಕಂಡು ಬೆಪ್ಪಾಗುತ್ತಿದ್ದರು.

ಸಿರುಗುಪ್ಪ ಹತ್ತಿರವಾದಂತೆ ಎರಡೂ ಕಡೆ ಗದ್ದೆಯ ಹಸಿರು ಹಬ್ಬಿತು. ನಾಟಿ ಮಾಡುವ ಹೆಂಗಸರು ಸಾಲಾಗಿ ಬಗ್ಗಿದ್ದರು. ಜೋಗಪ್ಪ ಹುಟ್ಟಿದ್ದು ಕರೂರಿನಲ್ಲಿ; ಅವನ ತಾಯಿ ಮಾರೆಮ್ಮ ಇಂಥದೇ ಕೆಸರಲ್ಲಿ ನಿಂತು ಅವನನ್ನು ಓದಿಸಿದ್ದಳು.

ಕರೂರಿಗೆ ಹೊರಳುವ ದಾರಿ ಬಂತು. ಕಾಲುವೆಯ ನೀರು ಬಿಸಿಲಿಗೆ ಹೊಳೆಯುತ್ತಿತ್ತು. ಏಕೋ ಚಂದ್ರಣ್ಣ ಅಲ್ಲಿ ಗಾಡಿಯನ್ನು ನಿಧಾನ ಮಾಡಿದ. ನಿಲ್ಲಿಸಲಿಲ್ಲ. ಗೇರು ಬದಲಿಸುವಾಗ ಅವನ ಕೈ ತಪ್ಪಿ, ಜೀಪು ಕಿರ್ರೆಂದು ಅರಚಿತು.

“ಏನಾತು?”

“ಹಳೇ ಗಾಡ್ರಿ,” ಎಂದ ಚಂದ್ರಣ್ಣ.

ಗಿರಣಿಯವರ ಮನೆಯ ಎದುರು ಅವನು ಇಳಿಯಲಿಲ್ಲ. “ನೀವು ಮಾತಾಡಿ ಬರ್ರಿ, ಇಲ್ಲೇ ಇರತೀನಿ,” ಎಂದು ಸ್ಟೇರಿಂಗ್ ಮೇಲೆ ಕೈಯಿಟ್ಟು ಕುಳಿತ.

ದೊಡ್ಡಬಸಮ್ಮ ಪಡಸಾಲೆಯಲ್ಲಿ ಮೊರ ಮುಂದಿಟ್ಟುಕೊಂಡು ತೊಗರಿಬೇಳೆ ಹಸನು ಮಾಡುತ್ತಿದ್ದರು. ಎಪ್ಪತ್ತು ದಾಟಿದ ಜೀವ. ಬೆನ್ನು ಬಾಗಿದ್ದರೂ ಕಣ್ಣು ಚುರುಕು. ಮಗ ಮರಿಬಸಪ್ಪ ಮನೆಯಲ್ಲಿರಲಿಲ್ಲ.

“ಯಾರಪಾ?”

“ಪೊಲೀಸ್ ಇನ್‌ಸ್ಪೆಕ್ಟರ್ ಜೋಗಪ್ಪ ಅಂತ್ರಿ. ಬಳ್ಳಾರಿಯಿಂದ ಬಂದೀನಿ.”

“ಮೂಲ ಯಾವೂರು?”

“ಕರೂರ್ರಿ.”

“ಕರೂರಾಗ ಯಾರ ಪೈಕಿ?”

ಆ ಪ್ರಶ್ನೆ ಏನನ್ನು ಕೇಳುತ್ತಿದೆಯೆಂದು ಜೋಗಪ್ಪನಿಗೆ ಚಿಕ್ಕಂದಿನಿಂದ ಗೊತ್ತು. ಯೂನಿಫಾರ್ಮು ತೊಟ್ಟರೂ ಅದು ಬೆನ್ನು ಬಿಟ್ಟಿರಲಿಲ್ಲ.

“ಮಾರೆಮ್ಮನ ಮಗ. ಊರ ಹೊರಗಿನ ಕೇರಿ. ನಮ್ಮವ್ವ ನಿಮ್ಮ ಗದ್ದ್ಯಾಗೂ ನಾಟಿ ಹಚ್ಯಾಳ.”

ಮುದುಕಿಯ ಕೈ ಮೊರದ ಮೇಲೆ ನಿಂತಿತು. ಒಳಗೆ ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಜೋಗಪ್ಪ ಹೊಸ್ತಿಲ ಹೊರಗೇ ನಿಂತು, ಪುಸ್ತಕ ಬಿಚ್ಚಿ, ಕಂಬಳಿಯವನ ಚಿತ್ರವನ್ನು ಅವರ ಕಡೆಗೆ ತಿರುಗಿಸಿದ.

ದೊಡ್ಡಬಸಮ್ಮನವರ ಎರಡೂ ಕೈ ತಾವಾಗಿಯೇ ಜೋಡಿಕೊಂಡವು.

“ನನ್ನ ಸಿದ್ಧಾ!” ಎಂದರು ಚಿತ್ರ ನೋಡಿ. “ಎಲ್ಲಿ ಸಿಕ್ಕಾ ಇಂವ ನಿನಗ?”

“ನೀವಽ ಹೇಳಬೇಕ್ರಿ. ಇದು ನಿಮ್ಮ ದೇವರ ಕ್ವಾಣ್ಯಾಗ ಇತ್ತಲ್ಲ?”

“ಇತ್ತು. ಯಾಕ ಸುಳ್ಳ ಹೇಳಲಿ? ಪುಸ್ತಕದಾಗಿಂದ ಕತ್ತರಿಸಿದಾಕೀನೂ ನಾನಽ.” ಅವರು ಎದ್ದು, ಗೋಡೆ ಹಿಡಿದುಕೊಂಡು ಬಾಗಿಲವರೆಗೆ ಬಂದರು. “ಆ ವರ್ಷ ನನ್ನ ಹೆಣ್ಣುಕೂಸು ಹೋತು. ಅನ್ನ ಸೇರತಿದ್ದಿಲ್ಲ, ನಿದ್ದಿ ಬರತಿದ್ದಿಲ್ಲ. ಹರಾಜಿನ ಸಾಮಾನು ಬಂತು. ಸುಮ್ಮನ ಹಾಳಿ ತಿರುವಿದೆ, ಇಂವ ಕಂಡ. ಎಲ್ಲಾ ಕಡೆ ಬೆಳ್ಳಗ. ನಡುವ ಒಬ್ಬನಽ ನಿಂತಾನ. ಇದಽ ಕೈಲಾಸ, ಯಾರೋ ಸಿದ್ಧ ನಿಂತಾನ, ನನ್ನ ಕೂಸನ್ನ ಕಾಯಾಕತ್ತ್ಯಾನ ಅಂತ ಅನಿಸಿಬಿಡ್ತು. ಗಂಡಗೂ ಹೇಳದಽ ಕತ್ತರಿ ತಗೊಂಡೆ.”

ಜೋಗಪ್ಪ ಪುಸ್ತಕವನ್ನು ಮೆಲ್ಲಗೆ ತಗ್ಗಿಸಿದ. ಕೇಳಬೇಕೆಂದುಕೊಂಡಿದ್ದ ಪ್ರಶ್ನೆಗಳೆಲ್ಲ ಒಂದು ಗಳಿಗೆ ಹಿಂದೆ ಸರಿದವು.

“ಅಲ್ಲಿಂದ ಇಷ್ಟು ವರ್ಷ ಇವನ ಹಣಿಗೆ ವಿಭೂತಿ ಹಚ್ಚೀನಿ,” ಎಂದರು ದೊಡ್ಡಬಸಮ್ಮ. ಅವನ ಮುಖವನ್ನೇ ದಿಟ್ಟಿಸಿದರು. “ಇವನ ಜಾತಿ ಯಾವುದು ಅಂತ ಒಂದು ದಿನಾನೂ ಕೇಳಲಿಲ್ಲ. ನಿನ್ನ ಕೇಳಿ ಹೊರಗ ನಿಂದರಿಸಿದ್ನಲ್ಲೋ. ಬಾ, ಒಳಗ ಬಾ. ಕುಂದುರು.”

ಜೋಗಪ್ಪ ಹೊಸ್ತಿಲು ದಾಟಿದ. ಕಂಬದ ಪಕ್ಕ ಹಾಸಿದ್ದ ಚಾಪೆಯ ಮೇಲೆ ಕುಳಿತ. ಅವರು ತಾವೇ ಒಂದು ಹಿತ್ತಾಳೆ ಚೊಂಬಿನಲ್ಲಿ ನೀರು ತಂದಿಟ್ಟರು.

“ಆಮ್ಯಾಲ ಏನಾತ್ರಿ? ಚಿತ್ರ ಯಾರಿಗೆ ಕೊಟ್ರಿ?”

“ಡ್ರಾಯಿಂಗ್ ಮಾಸ್ತರು ಬಂದಿದ್ರಲ್ಲ, ಹಾಲಸಿದ್ದಪ್ಪನವರು. ಅಲ್ಲೇ ನೀ ಕುಂತಲ್ಲೇ ಕುಂತಿದ್ರು. ‘ಅವ್ವಾ, ಆತ ದೇವರಲ್ಲ, ಮನುಷ್ಯ. ನಮ್ಮ ಜಿಲ್ಲಾದಾವ. ಹಡಗಿನ್ಯಾಗ ಭೂಮಿ ತುದಿಗೆ ಹೋಗಿದ್ದ’ ಅಂದ್ರು. ಮನುಷ್ಯ ಆದ್ರ ಇನ್ನೂ ದೊಡ್ಡಾವ ಆದ ಬಿಡ್ರಿ ಅಂದೆ ನಾನು. ಅಂಥಾ ಥಂಡ್ಯಾಗ ದೇವರು ನಿಂದರೂದೇನು ದೊಡ್ಡದು? ಮನುಷ್ಯ ನಿಂತಾನಲ್ಲ! ಕಟ್ಟು ಬಿಚ್ಚಿ, ಕೆಂಪು ರೇಷ್ಮಿ ವಸ್ತ್ರದಾಗ ಸುತ್ತಿ, ಅವರ ಕೈಯಾಗ ಕೊಟ್ಟೆ. ಮಾಸ್ತರು ಕೂಸಿನಂಗ ಅತ್ತರು.”

“ಯಾವತ್ತ್ರಿ ಇದು?”

“ಶೀಗಿ ಹುಣ್ಣಿಮಿ ಹಿಂದಿನ ದಿನ. ಹಬ್ಬಕ್ಕ ಕಡುಬಿಗೆ ಬ್ಯಾಳಿ ಹಸನ ಮಾಡಾಕತ್ತಿದ್ದೆ.”

ಜೋಗಪ್ಪ ಎತ್ತಿಕೊಂಡ ಚೊಂಬನ್ನು ಹಾಗೇ ಕೆಳಗಿಟ್ಟ.

ಹುಣ್ಣಿಮೆಯ ಮುಂಜಾನೆ ಮಾಸ್ತರರ ಹೆಣ ಸಿಕ್ಕಿತ್ತು. ಮುಚ್ಚಿದ ಕಡತವನ್ನು ಅವನು ನಿನ್ನೆಯಷ್ಟೇ ತರಿಸಿ ಓದಿದ್ದ. ಮೈಮೇಲೆ ಕನ್ನಡಕವಿತ್ತು, ಕೈಗಡಿಯಾರವಿತ್ತು, ಜೇಬಿನಲ್ಲಿ ನೆನೆದ ಕರವಸ್ತ್ರವಿತ್ತು. ರೇಷ್ಮೆಯ ಗಂಟು ಇರಲಿಲ್ಲ. ಇದ್ದಿದ್ದರೂ ಈ ಹಾಳೆ ಕಾಲುವೆ ನೀರಲ್ಲಿ ಕರಗಿ ಹೋಗಿರುತ್ತಿತ್ತು. ಇದರ ಮೇಲೆ ಸಮುದ್ರದ ಕಲೆಯಲ್ಲದೆ ಬೇರೆ ಹನಿ ನೀರು ಬಿದ್ದಿರಲಿಲ್ಲ.

ಅಂದರೆ ಮಾಸ್ತರರು ನೀರಿಗೆ ಬೀಳುವ ಮೊದಲು ಚಿತ್ರ ಬೇರೆಯವರ ಕೈ ಸೇರಿತ್ತು. ಪುಸ್ತಕ ಕದ್ದು, ಹಾಳೆ ಅಂಟಿಸಿ, ತಂದಿಟ್ಟವನಿಗೆ ಆ ಸಂಜೆಯ ಸಂಗತಿ ಗೊತ್ತು.

“ಅವ್ವಾರ, ಮಾಸ್ತರು ಒಬ್ಬರಽ ಬಂದಿದ್ರೇನ್ರಿ?”

“ಗಾಡ್ಯಾಗ ಬಂದಿದ್ರು. ಸಿನಿಮಾದ ಗಾಡಿ, ಮ್ಯಾಲ ತುತ್ತೂರಿ ಇರತೈತಲ್ಲ.” ದೊಡ್ಡಬಸಮ್ಮ ಬಾಗಿಲಾಚೆ ಕೈಚಾಚಿದರು. “ಅಗಾ, ಅದಽ ಗಾಡಿ. ಅಲ್ಲೇ ನಿಂತೈತಲ್ಲ.”

ಜೋಗಪ್ಪ ಥಟ್ಟನೆ ತಿರುಗಿದ. ಜೀಪು ನಿಂತೇ ಇತ್ತು. ಸ್ಟೇರಿಂಗ್ ಹಿಂದೆ ಯಾರೂ ಇರಲಿಲ್ಲ.

ಓಡಿಹೋದನೆಂದು ಅವನು ಏಳುವಷ್ಟರಲ್ಲಿ, ಕಟ್ಟೆಯ ಕೆಳಗೆ ಚಪ್ಪಲಿ ಬಿಡುವ ಸಪ್ಪಳವಾಯಿತು. ಚಂದ್ರಣ್ಣ ಕೈಕಟ್ಟಿಕೊಂಡು ಬಾಗಿಲಲ್ಲಿ ನಿಂತ.

“ಅಂಟಿನಾಗ ಮೈಲುತುತ್ತ ಹಾಕಿದಾವ ನೀನಽ ಏನು?” ಎಂದ ಜೋಗಪ್ಪ.

“ಹೌದ್ರಿ, ನಾನಽ.”

“ಕುರುಗೋಡಾಗ ಪುಸ್ತಕ ಕದ್ದಾವ?”

“ಅವನೂ ನಾನಽ.”

“ಮಾಸ್ತರನ್ನ ಕಾಲುವ್ಯಾಗ…”

“ಇಲ್ರಿ!” ಚಂದ್ರಣ್ಣನ ದನಿ ಒಡೆಯಿತು. “ನನಗ ಕುಂಚ ಹಿಡಿಯಾಕ ಕಲಿಸಿದವರು ಅವರು! ಆ ಸಂಜಿ ಕರೂರ ಕಡೆ ಹೊರಳೂ ಜಾಗಾದಾಗ ಗಾಡಿ ನಿಂದರಿಸು ಅಂದ್ರು. ಗಂಟು ನನ್ನ ಕೈಯಾಗ ಕೊಟ್ರು. ‘ಇದನ್ನ ಅದರ ಜಾಗಾಕ್ಕ ಕೂಡಸು ಚಂದ್ರಾ, ನಾ ಇವರ ಕೂಡ ಮಾತಾಡಿ, ಬಸ್ಸಿಗೆ ಬರತೀನಿ’ ಅಂದ್ರು. ಬರಲಿಲ್ಲ. ಬಂದದ್ದು ಸುದ್ದಿ.”

“ಅವತ್ತಽ ಯಾಕ ಹೇಳಲಿಲ್ಲ?”

“ಯಾರಿಗೆ ಹೇಳಲಿ? ಅಷ್ಟೊತ್ತಿಗೆ ಕಾಲು ಜಾರಿತು ಅಂತ ಎಲ್ಲಾರೂ ಹೇಳಾಕತ್ತಿದ್ರು. ಸಾಕ್ಷಿ ಅಂದ್ರ ನಾನು, ನನ್ನ ತುತ್ತೂರಿ ಗಾಡಿ.” ಅವನು ಜೋಗಪ್ಪನ ಕಾಲ ಬಳಿ ಕುಸಿದು ಕುಳಿತ. “ನೀವು ಹೊಸಬ್ರು ಬಂದ್ರಿ. ಬರೀ ಪುಸ್ತಕ ಕಳದ್ರ ನೀವೂ ಒಂದು ಕಾಗದ ಬರದು ಬಿಡತಿದ್ರಿ. ಕಳದದ್ದು ಹೆಚ್ಚಿಗಿ ಆಗಿ ಬಂದ್ರ ಬಿಡಾಂಗಿಲ್ಲ, ಇಲ್ಲೀತನಕಾ ಬಂದಽ ಬರತೀರಿ ಅಂದುಕೊಂಡೆ. ಬಂದ್ರಿ.”

ಜೋಗಪ್ಪನಿಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ತನ್ನ ಕುತೂಹಲವನ್ನೇ ಗಾಳ ಮಾಡಿ ಒಬ್ಬ ಬ್ಯಾನರ್ ಬರೆಯುವವನು ತನ್ನನ್ನು ಇಲ್ಲಿಗೆ ಎಳೆದು ತಂದಿದ್ದ.

“‘ಇವರ ಕೂಡ’ ಅಂದ್ರಂತಲ್ಲ ಮಾಸ್ತರು. ಯಾರ ಕೂಡ?”

ಚಂದ್ರಣ್ಣ ತಲೆಯೆತ್ತಿ ನೋಡಿದ್ದು ಜೋಗಪ್ಪನನ್ನಲ್ಲ, ಮುದುಕಿಯನ್ನು.

“ಈ ಮನಿಯಿಂದ ಹೊರಟಾಗ ನನ್ನ ಗಾಡ್ಯಾಗ ಇನ್ನೊಬ್ರು ಹತ್ತಿದ್ರು. ನಾ ಹೇಳಿದ್ರ ಹಗಿ ಸಾಧಿಸ್ತಾನ ಅಂತೀರಿ. ಅವ್ವಾರ, ಬಾಗಿಲದಾಗ ನಿಂತು ನೀವಽ ನೋಡಿದ್ರಿ. ಹಿಂದಿನ ಸೀಟಿನ್ಯಾಗ ಕುಂತವರು ಯಾರು, ನೀವಽ ಹೇಳ್ರಿ.”

ಇಷ್ಟು ಹೊತ್ತು ಅಳುಕದೆ ಮಾತಾಡಿದ ದೊಡ್ಡಬಸಮ್ಮ ಮುಖ ತಿರುಗಿಸಿದರು. ಜೋಗಪ್ಪನ ಕೈಯಿಂದ ಪುಸ್ತಕ ತೆಗೆದುಕೊಂಡರು, ಕಂಬಳಿಯವನ ಮುಖವನ್ನು ಸೆರಗಿನಿಂದ ಮುಚ್ಚಿದರು.

“ಆ ಹೆಸರು ನನ್ನ ಬಾಯಿಂದ ಬರೂದಿಲ್ಲಪಾ,” ಎಂದರು. “ನಾನು ಅವನ್ನ ಹೆತ್ತಾಕಿ.”

ಅಂಗಳದಲ್ಲಿ ಮೋಟಾರಿನ ಹಾರ್ನು ಕೇಳಿತು. ಬಿಳಿಯ ಅಂಬಾಸಿಡರ್ ಬಂದು ಸಿನಿಮಾ ಜೀಪಿನ ಹಿಂದೆ, ಅದು ಹೊರಡಲು ದಾರಿಯಿಲ್ಲದಂತೆ ಅಡ್ಡ ನಿಂತಿತು. ಎತ್ತರದ, ಇಸ್ತ್ರಿಯ ಪಂಚೆಯ ಮರಿಬಸಪ್ಪ ಇಳಿದ. ಜೀಪಿನ ತುತ್ತೂರಿಗಳನ್ನು ಒಮ್ಮೆ ನೋಡಿದ. ಅವಸರವೇನೂ ಇಲ್ಲದವನಂತೆ ಕಾರಿನ ಇನ್ನೊಂದು ಬಾಗಿಲು ತೆರೆದು, ಇಳಿಯುವವರಿಗೆ ಕೈ ಆಸರೆ ಕೊಟ್ಟ.

ಇಳಿದವರು, ಗಾಂಧಿನಗರದಲ್ಲಿ ತಂಗಿಯ ಮನೆಯಲ್ಲಿರಬೇಕಾಗಿದ್ದ ಶಿವಬಸಮ್ಮ.

ಅವರು ನೇರವಾಗಿ ಪಡಸಾಲೆಯ ಮೆಟ್ಟಿಲವರೆಗೆ ನಡೆದು ಬಂದರು. ಜೋಗಪ್ಪನನ್ನು ನೋಡಲಿಲ್ಲ, ಮುದುಕಿಯನ್ನೂ ನೋಡಲಿಲ್ಲ. ನೆಲದ ಮೇಲೆ ಕುಳಿತಿದ್ದ ಚಂದ್ರಣ್ಣನನ್ನು ಕಂಡು ಅವರ ಮುಖ ಬಿಳುಪೇರಿತು.

“ಆ ಸಂಜಿ ಗಾಡ್ಯಾಗ ಹತ್ತಿದವರು ಯಾರು ಅಂತ ಹೇಳಿಬಿಟ್ಟ್ಯಾ, ಚಂದ್ರಾ?” ಎಂದರು.